‘ಇತರೆ’ ಅನ್ನೋ ಬಾಬತ್ತು

ಮನೆಯಲ್ಲಿ ಖರ್ಚು ಕಡಿಮೆ ಮಾಡಬೇಕು ಅನ್ನುವ ಮಾತು ಬಂತೆಂದರೆ ಮೊದಲು ಕತ್ತರಿ ಬೀಳುವುದು ಹೆಸರಿರುವ ಖರ್ಚಿಗೆ. ಮಕ್ಕಳ ಸಂಗೀತದ ಪಾಠ, ಮನೆಗೆ ಬರುವ ವಾರಪತ್ರಿಕೆ, ಅಜ್ಜನಿಗೆ ರಾತ್ರಿ ಕೊಡುವ ಒಂದು ಲೋಟ ಹಾಲು. ಇವಕ್ಕೆಲ್ಲ ಒಂದು ಹೆಸರಿದೆ, ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತವಿದೆ. ಕೈ ಚಾಚಿದರೆ ಸಿಗುತ್ತವೆ. ಹೆಸರಿಲ್ಲದ ಖರ್ಚು ಹಾಗಲ್ಲ. ಅದು ಹತ್ತು, ಇಪ್ಪತ್ತು, ನೂರೈವತ್ತರ ರೂಪದಲ್ಲಿ ಹಿತ್ತಲ ಬಾಗಿಲಿನಿಂದ ಹೋಗಿರುತ್ತದೆ. ಯಾರನ್ನು ಕೇಳಿದರೂ ‘ನಾನಲ್ಲಪ್ಪ’ ಅನ್ನುತ್ತಾರೆ. ಅವರು ಹೇಳುವುದು ಸುಳ್ಳೂ ಆಗಿರುವುದಿಲ್ಲ.

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ನಮ್ಮ ಮನೆಗೆ ಆ ಮಾತು ಬಂತು. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಮಗ ಹೆಬ್ಬಾಳದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಆರ್ಡರ್ ಕಡಿಮೆಯಾಯಿತೆಂದು ಅಲ್ಲಿ ಓವರ್‌ಟೈಮ್ ನಿಲ್ಲಿಸಿದರು. ಕೈಗೆ 46,000 ತರುತ್ತಿದ್ದವನು 37,000 ತರತೊಡಗಿದ. ನನ್ನ ಪಿಂಚಣಿಯಿಂದ ಮನೆಗೆ ಕೊಡುವ 6,000 ಸೇರಿದರೆ 43,000. ಅದರಲ್ಲಿ ಮನೆ ಸಾಲದ ಕಂತೇ 13,200. ರಾತ್ರಿ ಊಟವಾದ ಮೇಲೆ ಮಗ ಫೋನಿನಲ್ಲಿ ಕೂಡಿಸಿ ಕಳೆದು, ಯಾರ ಮುಖವನ್ನೂ ನೋಡದೆ ಹೇಳಿದ: “ಪುಟ್ಟಿ ಭರತನಾಟ್ಯದ ಕ್ಲಾಸು ಒಂದು ವರ್ಷ ನಿಲ್ಲಿಸೋಣ. ಆಮೇಲೆ ನೋಡಿದರಾಯ್ತು.”

ಕ್ಲಾಸಿನ ಫೀಸು ತಿಂಗಳಿಗೆ 1,200. ಪುಟ್ಟಿ ಆಗ ಏಳನೇ ತರಗತಿಗೆ ಹೊರಟವಳು, ನಾಲ್ಕು ವರ್ಷದಿಂದ ಕಲಿಯುತ್ತಿದ್ದಳು. ಅಳಲಿಲ್ಲ, ಹಟ ಮಾಡಲಿಲ್ಲ. ಒಣಗಿದ ಬಟ್ಟೆ ತರುತ್ತೇನೆ ಅಂತ ಮಹಡಿಗೆ ಹೋದಳು. ಬಟ್ಟೆ ಆಗಲೇ ಒಳಗೆ ಬಂದಾಗಿತ್ತು.

“ನಿಲ್ಲಿಸು, ನಾನೇನು ಬೇಡ ಅನ್ನಲ್ಲ,” ಅಂದೆ ಮಗನಿಗೆ. “ಆದರೆ ಒಂದು ತಿಂಗಳು ತಡೆಯೋ. ದುಡ್ಡು ಎಲ್ಲಿಗೆ ಹೋಗ್ತಿದೆ ಅಂತ ಬರೆದು ನೋಡೋಣ. ಗೊತ್ತಾದ ಮೇಲೆ ಯಾವುದನ್ನ ಬೇಕಾದರೂ ನಿಲ್ಲಿಸು.”

ಹಿಂದಿನ ವರ್ಷದ ಸಮಾಜ ವಿಜ್ಞಾನದ ನೋಟುಬುಕ್ಕಿನಲ್ಲಿ ಅರ್ಧದಷ್ಟು ಹಾಳೆ ಖಾಲಿ ಉಳಿದಿತ್ತು. ಅದನ್ನು ತಿರುಗಿಸಿ ಹಿಂದಿನಿಂದ ಶುರು ಮಾಡಿದೆವು. ಬರೆಯುವ ಕೆಲಸ ಪುಟ್ಟಿಯದು ಅಂತ ಆಯಿತು. ತನ್ನ ಕ್ಲಾಸು ಆ ಪುಸ್ತಕದ ಮೇಲೆ ನಿಂತಿದೆ ಅನ್ನುವುದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಸೊಸೆಯ ಮುಖ ಸಪ್ಪಗಾಗಿತ್ತು. ಮರುದಿನ ಬೆಳಿಗ್ಗೆ ತರಕಾರಿ ಹೆಚ್ಚುತ್ತಾ, “ಅತ್ತೆ, ಇನ್ಮೇಲೆ ಕೊತ್ತಂಬರಿ ಸೊಪ್ಪಿಗೂ ಲೆಕ್ಕ ಒಪ್ಪಿಸಬೇಕಾ ನಾನು?” ಅಂದಳು.

ಈ ಪ್ರಶ್ನೆ ನನಗೆ ಹೊಸದಲ್ಲ. ಎಪ್ಪತ್ತು ವರ್ಷ ದಾಟಿದ ನನ್ನಂಥ ಹೆಂಗಸರಿಗೆ ಯಾರಿಗೂ ಹೊಸದಲ್ಲ.

ನಮ್ಮಪ್ಪನದು ಕೃಷ್ಣರಾಜನಗರದ ಹತ್ತಿರದ ಹಳ್ಳಿಯಲ್ಲಿ ದಿನಸಿ ಅಂಗಡಿ. ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ದಿನದಿನದ ವ್ಯವಹಾರ ಬರೆಯುವುದಕ್ಕೆ ಕಿರ್ದಿ, ಒಬ್ಬೊಬ್ಬರ ಹೆಸರಿನಲ್ಲಿ ಬೇರೆ ಬೇರೆ ಬರೆಯುವುದಕ್ಕೆ ಖಾತೆ. ಎಡಗಡೆ ಜಮಾ, ಬಲಗಡೆ ಖರ್ಚು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಗಲ್ಲಾಪೆಟ್ಟಿಗೆಯ ಹಣ ಎಣಿಸಿ, ಪುಸ್ತಕದಲ್ಲಿ ಉಳಿದ ಶಿಲ್ಕಿಗೂ ಅದಕ್ಕೂ ತಾಳೆ ನೋಡುತ್ತಿದ್ದರು. ಶಿಲ್ಕು ಅಂದರೆ ಕೈಯಲ್ಲಿ ಉಳಿದ ಹಣ. ಮಕ್ಕಳು ಈ ಮಾತನ್ನು ಕೇಳಿರಲಿಕ್ಕಿಲ್ಲ. ಹಳೆಯ ಸಹಕಾರ ಸಂಘಗಳ ವರದಿಯಲ್ಲಿ ಈಗಲೂ ಸಿಗುತ್ತದೆ. ಅಟ್ಟದ ಮೇಲೆ ತಾತನ ಕಾಲದ ಒಂದು ಕಡತವೂ ಇತ್ತು. ಈಗ ಕಡತ ಅಂದರೆ ಸರ್ಕಾರಿ ಕಚೇರಿಯ ಫೈಲು. ಆಗ ಹಾಗಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆಯುವುದು, ಬೇಡವಾದರೆ ಅಳಿಸಿ ಮತ್ತೆ ಬರೆಯುವುದು. ಸ್ಲೇಟನ್ನೇ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ ಹಾಗೆ. ವರ್ತಕರೂ ಶಾನುಭೋಗರೂ ಅದರಲ್ಲೇ ಲೆಕ್ಕ ಇಡುತ್ತಿದ್ದರು.

ಅಪ್ಪನ 1957ರ ಪುಸ್ತಕ ನೋಡುವುದಕ್ಕೆ ಒಂದು ಮಜಾ. ಆ ವರ್ಷ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ನಾಣ್ಯದ ಲೆಕ್ಕ ಬದಲಾಯಿತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಅಲ್ಲಿಂದ ಮುಂದೆ ರೂಪಾಯಿಗೆ ನೂರು ನಯಾಪೈಸೆ. ಒಂದು ಆಣೆ ಅಂದರೆ ಆರೂಕಾಲು ನಯಾಪೈಸೆ. ಆ ಕಾಲನ್ನು ಯಾರು ಕೊಡಬೇಕು, ಯಾರು ಬಿಡಬೇಕು? ಅದಕ್ಕೇ ಅಪ್ಪ ಎಷ್ಟೋ ದಿನ ಎರಡೂ ಲೆಕ್ಕವನ್ನು ಅಕ್ಕಪಕ್ಕ ಬರೆದಿದ್ದಾರೆ. ನಾಲ್ಕಾಣೆಗೆ ಇಪ್ಪತ್ತೈದು, ಎಂಟಾಣೆಗೆ ಐವತ್ತು ಸರಿಯಾಗಿ ಕೂರುತ್ತಿದ್ದರಿಂದ ಆ ಎರಡು ಹೆಸರು ಮಾತ್ರ ಜನರ ಬಾಯಲ್ಲಿ ಉಳಿದುಕೊಂಡವು. ನಾಲ್ಕಾಣೆ ನಾಣ್ಯದ ಚಲಾವಣೆಯನ್ನೇ 2011ರ ಜೂನ್ 30ಕ್ಕೆ ನಿಲ್ಲಿಸಿದರು. ಪುಟ್ಟಿ ಅದನ್ನು ನೋಡಿಯೇ ಇರಲಿಲ್ಲ. ನನ್ನ ಹಳೇ ಪರ್ಸಿನಲ್ಲಿದ್ದ ಒಂದನ್ನು ಕೊಟ್ಟಿದ್ದೇನೆ.

ಇಷ್ಟು ಅಚ್ಚುಕಟ್ಟಾದ ಅಪ್ಪ ಮನೆಖರ್ಚಿಗೂ ಅದೇ ಪುಸ್ತಕ ತೆರೆದಿದ್ದರು. ಬರೆಯುವವರು ಅವರು, ಹೇಳಬೇಕಾದವಳು ಅಮ್ಮ. ರಾತ್ರಿ ಅಡುಗೆಮನೆ ತೊಳೆದು, ಒದ್ದೆ ಕೈಯಲ್ಲಿ ಬಾಗಿಲ ಹತ್ತಿರ ನಿಂತು, “ಬದನೆಕಾಯಿಗೆ ಮೂವತ್ತು ಪೈಸೆ, ಹೂವಿಗೆ ಹತ್ತು” ಅಂತ ಒಪ್ಪಿಸಬೇಕು. ಬದನೆಕಾಯಿಗೆ ಕೊಟ್ಟದ್ದು ಇಪ್ಪತ್ತೈದೇ ಇರುತ್ತಿತ್ತು. ಉಳಿದ ಐದು ಪೈಸೆ ಸಾಸಿವೆ ಡಬ್ಬಿಗೆ ಹೋಗುತ್ತಿತ್ತು.

1971ರಲ್ಲಿ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಬೇಕು. ಆ ವರ್ಷ ಅಂಗಡಿಯ ಬಾಕಿ ವಸೂಲಾಗಿರಲಿಲ್ಲ. ಹುಡುಗಿಗೆ ಇಷ್ಟು ಓದು ಸಾಕು ಅಂತ ಅಪ್ಪ ಅಂದುಬಿಟ್ಟರು. ಅಮ್ಮ ಮಾತಾಡಲಿಲ್ಲ. ಮರುದಿನ ನಾನು ಶಾಲೆಗೆ ಹೊರಟಾಗ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಕೊಟ್ಟಳು. ಮೇಷ್ಟರ ಮೇಜಿನ ಮೇಲೆ ಫೀಸು ಸುರಿದಾಗ ನಾಲ್ಕು ಕಾಳು ಸಾಸಿವೆಯೂ ಬಿತ್ತು. ನಾನು ಮುಂದೆ ಓದಿ ಪ್ರೈಮರಿ ಶಾಲೆಯಲ್ಲಿ ಟೀಚರಾದೆ. ಈಗ ಮನೆಗೆ ಕೊಡುವ ಆ 6,000 ರೂಪಾಯಿ ಪಿಂಚಣಿಯ ಮೂಲ ಆ ಡಬ್ಬಿ.

ಅಪ್ಪನ ಪುಸ್ತಕದಲ್ಲಿ ಆ ಹಣ ಎಲ್ಲೂ ಇಲ್ಲ. ಅಲ್ಲಿ ಬದನೆಕಾಯಿಯ ಬೆಲೆ ವರ್ಷಪೂರ್ತಿ ಐದು ಪೈಸೆ ಜಾಸ್ತಿ, ಅಷ್ಟೆ. ಪ್ರತಿ ರಾತ್ರಿ ಲೆಕ್ಕ ತಾಳೆಯಾಗುತ್ತಿತ್ತು, ಆದರೆ ಬರೆದದ್ದು ನಿಜವಾಗಿರಲಿಲ್ಲ. ಒಬ್ಬರು ಕೂತು ಬರೆದು ಇನ್ನೊಬ್ಬರು ನಿಂತು ಒಪ್ಪಿಸಿದರೆ ಲೆಕ್ಕ ಹೀಗೇ ಆಗುವುದು.

ಇದನ್ನೆಲ್ಲ ಸೊಸೆಗೆ ಹೇಳಿದೆ. ಆಮೇಲೆ ಎಲ್ಲರೂ ಸೇರಿ ಕೆಲವು ಕಟ್ಟಳೆ ಮಾಡಿಕೊಂಡೆವು. ಅವರವರ ಖರ್ಚು ಅವರವರೇ ಹೇಳುವುದು ಅಥವಾ ಬರೆಯುವುದು. ‘ಇದು ಯಾಕೆ ಬೇಕಿತ್ತು?’ ಅಂತ ತಿಂಗಳ ಮಧ್ಯೆ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಮಗನೂ ಬರೆಯಬೇಕು, ನಾನೂ ಬರೆಯಬೇಕು. ನಮ್ಮ ಮೂವರಿಗೆ ತಿಂಗಳಿಗೆ ತಲಾ 300, ಪುಟ್ಟಿಗೆ 100 ‘ಸ್ವಂತ’ ಅಂತ ತೆಗೆದಿಡುವುದು. ಅದಕ್ಕೆ ಲೆಕ್ಕ ಕೊಡಬೇಕಾಗಿಲ್ಲ. ಈ ‘ಸ್ವಂತ’ದ ಏರ್ಪಾಡನ್ನು ಒಂದು ತಿಂಗಳ ಲೆಕ್ಕ ನೋಡಿದ ಮೇಲೆ ಜುಲೈನಿಂದ ಶುರು ಮಾಡುವುದು ಅಂತಾಯಿತು.

“ನನ್ನ ಹೊಲಿಗೆ ದುಡ್ಡೂ ಬರೀಬೇಕಾ?” ಅಂದಳು ಸೊಸೆ. ಅವಳು ಅಕ್ಕಪಕ್ಕದವರಿಗೆ ಬ್ಲೌಸು ಹೊಲಿದುಕೊಡುತ್ತಾಳೆ. ತಿಂಗಳಿಗೆ ಎಷ್ಟು ಬರುತ್ತದೋ ನನಗೆ ಗೊತ್ತಿಲ್ಲ.

“ಬೇಡ ಕಣಮ್ಮ. ಅದು ನಿನ್ನ ಸಾಸಿವೆ ಡಬ್ಬಿ.”

ಜೂನ್ 1ರಿಂದ ಬರೆಯತೊಡಗಿದೆವು. ತಾರೀಖು, ಏನು, ಎಷ್ಟು, ಯಾವ ಬಾಬತ್ತು: ನಾಲ್ಕೇ ಕಲಂ. ಬಾಬತ್ತು ಅಂದರೆ ಯಾವುದಕ್ಕಾಗಿ ಖರ್ಚಾಯಿತು ಅನ್ನುವ ತಲೆಬರಹ. ಪುಟ್ಟಿ ಮೊದಲ ದಿನ ಉತ್ಸಾಹದಲ್ಲಿ ಇಪ್ಪತ್ಮೂರು ಬಾಬತ್ತು ಮಾಡಿದ್ದಳು. ಟೊಮೆಟೊಗೆ ಒಂದು, ಈರುಳ್ಳಿಗೆ ಒಂದು. ಎರಡೇ ದಿನಕ್ಕೆ ಸುಸ್ತಾದಳು. ಹತ್ತಕ್ಕೆ ಇಳಿಸಿದೆವು. ಅಷ್ಟಿದ್ದರೆ ನೆನಪಿರುತ್ತದೆ, ಒಂದು ಪುಟದಲ್ಲಿ ಹಿಡಿಯುತ್ತದೆ.

ಕಷ್ಟವಾದದ್ದು ಫೋನಿನ ಪಾವತಿ. ನೋಟು ಕೊಟ್ಟರೆ ಪರ್ಸು ತೆಳ್ಳಗಾಗುವುದು ಕೈಗೆ ಗೊತ್ತಾಗುತ್ತದೆ. 2016ರಲ್ಲಿ ಯುಪಿಐ ಬಂದ ಮೇಲೆ ಎಳನೀರಿನವನ ಗಾಡಿಯಲ್ಲೂ ಚೌಕುಳಿ ಚಿತ್ರ ತೂಗುತ್ತದೆ. ಫೋನು ತೋರಿಸಿದರೆ ಮುಗಿಯಿತು. ಹಾಗಂತ ನಾನು ಅದನ್ನು ಬೈಯುವವಳಲ್ಲ. ಫೋನು ಪ್ರತಿಯೊಂದನ್ನೂ ತಾರೀಖು, ಗಂಟೆ ಸಮೇತ ಇಟ್ಟುಕೊಂಡಿರುತ್ತದೆ. ಅಪ್ಪನ ಕಿರ್ದಿಯಲ್ಲೂ ಗಂಟೆ ಇರಲಿಲ್ಲ. ಆದರೆ ಫೋನಿನಲ್ಲಿ ಕಾಣುವುದು ಯಾರಿಗೆ ಕೊಟ್ಟೆವು ಅನ್ನುವುದು ಮಾತ್ರ. ಅಂಗಡಿಗೆ ಕೊಟ್ಟ 340ರಲ್ಲಿ ಅಕ್ಕಿ ಎಷ್ಟು, ಚಿಪ್ಸು ಎಷ್ಟು ಅನ್ನುವುದು ಅದಕ್ಕೆ ಗೊತ್ತಿಲ್ಲ. ಆ ದಿನವೇ ಬರೆದರೆ ನಮಗೆ ಗೊತ್ತಿರುತ್ತದೆ, ನಾಲ್ಕು ದಿನ ಬಿಟ್ಟರೆ ನಮಗೂ ಗೊತ್ತಿರುವುದಿಲ್ಲ. ರಾತ್ರಿ ಎಂಟೂವರೆಗೆ ಪುಟ್ಟಿ ಪುಸ್ತಕ ಹಿಡಿದು ಒಬ್ಬೊಬ್ಬರ ಹತ್ತಿರ ಬರುವಳು. ಲೆಕ್ಕ ಕೂಡದಿದ್ದಾಗ ಸುಳ್ಳು ಸೇರಿಸಬೇಡ, ‘ಗೊತ್ತಿಲ್ಲ’ ಅಂತಲೇ ಬರೆ ಅಂತ ಹೇಳಿದ್ದೆ. ಅವಳೂ ಅಮ್ಮನೂ ದೇವರಾಜ ಮಾರುಕಟ್ಟೆಗೆ ಸಿಟಿ ಬಸ್ಸಿನಲ್ಲಿ ಹೋಗಿಬಂದ ದಿನ ‘ಬಸ್ಸು – 0’ ಅಂತ ಬರೆದಿದ್ದಳು. 2023ರ ಜೂನ್‌ನಿಂದ ನಮಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ. “ಸೊನ್ನೆಯನ್ನೂ ಯಾಕೆ ಬರೀತೀಯೇ?” ಅಂದರೆ, “ಹೋಗಿದ್ದು ನಿಜ ತಾನೇ ಅಜ್ಜಿ” ಅಂದಳು.

ಹದಿನೈದು ದಿನವಾಗುವಾಗ ಅವಳಿಗೂ ಬೇಸರ ಬಂತು. ಆಗ ಗಾಂಧೀಜಿ ಲಂಡನ್ನಿಗೆ ಓದಲು ಹೋಗಿದ್ದಾಗಿನ ಕಥೆ ಹೇಳಿದೆ. 1888ರಲ್ಲಿ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅಲ್ಲಿ ಬಸ್ಸಿನ ಬಾಡಿಗೆ, ಅಂಚೆಚೀಟಿ, ಪತ್ರಿಕೆಗೆ ಕೊಟ್ಟ ಕಾಸು ಎಲ್ಲವನ್ನೂ ಬರೆದಿಡುತ್ತಿದ್ದರು. ಮಲಗುವ ಮುಂಚೆ ಪ್ರತಿ ದಿನ ಉಳಿಕೆ ತಾಳೆ ನೋಡುತ್ತಿದ್ದರು. ಆತ್ಮಕಥೆಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಬರೆದ ಲೆಕ್ಕದಲ್ಲಿ ಬಂಡಿ ಬಾಡಿಗೆ ಮತ್ತೆ ಮತ್ತೆ ಕಾಣಿಸಿತು. ಆಗ ಒಂದು ಕುಟುಂಬದ ಜೊತೆ ಇರುವುದನ್ನು ಬಿಟ್ಟು, ಕೆಲಸದ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬೇರೆ ಕೋಣೆ ಹಿಡಿದರು. ಬಾಡಿಗೆಯೂ ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆಯೂ ಆಯಿತು. ಮುಂದೆ ಎರಡು ಕೋಣೆ ಬಿಟ್ಟು ಒಂದಕ್ಕೆ ಬಂದು, ಒಲೆ ಇಟ್ಟುಕೊಂಡು ಬೆಳಗಿನ ಗಂಜಿ ತಾವೇ ಮಾಡಿಕೊಂಡರು. ಪುಟ್ಟಿಗೆ ಗಂಜಿಗಿಂತ ನಡಿಗೆ ಹಿಡಿಸಿತು. “ನಾನೂ ಕ್ಲಾಸಿಗೆ ನಡ್ಕೊಂಡೇ ಹೋಗ್ತೀನಿ” ಅಂದಳು. ಅವಳ ಕ್ಲಾಸು ಇರುವುದು ಪಕ್ಕದ ರಸ್ತೆಯಲ್ಲಿ; ಮೊದಲಿಂದಲೂ ನಡೆದೇ ಹೋಗುತ್ತಿದ್ದಳು.

ಜೂನ್ 30ರ ರಾತ್ರಿ ಕೂಡಿಸಿದೆವು. ಸಾಲದ ಕಂತು 13,200. ದಿನಸಿ 6,150. ಹಾಲು ಮೊಸರು 2,340, ತರಕಾರಿ ಹಣ್ಣು 2,480. ಗ್ಯಾಸು, ನೀರು, ಕರೆಂಟು ಸೇರಿ 1,460. ಶಾಲೆಯ ವ್ಯಾನು, ಪುಸ್ತಕ 4,300. ಪೆಟ್ರೋಲು 2,400. ನನ್ನ ಮಾತ್ರೆಗಳೇ ಹೆಚ್ಚಾಗಿರುವ ಔಷಧಿ 1,870. ನೃತ್ಯದ ಪಾಠ 1,200. ಮತ್ತೆ ‘ಇತರೆ’ 9,410. ಒಟ್ಟು 44,810. ಬಂದದ್ದಕ್ಕಿಂತ 1,810 ಹೆಚ್ಚು. ಆ ಹಣವನ್ನು ಮಗ ಸ್ನೇಹಿತನ ಹತ್ತಿರ ಕೈಗಡ ತಂದಿದ್ದ.

ಪುಟ್ಟಿ ತಾನೇ ಪೆನ್ಸಿಲ್ಲಿನಲ್ಲಿ ಪಕ್ಕದಲ್ಲಿ ಒಂದು ವ್ಯವಕಲನ ಮಾಡಿದಳು. 1,810ರಲ್ಲಿ 1,200 ಕಳೆದರೆ 610. “ಅಪ್ಪ, ನನ್ನ ಕ್ಲಾಸು ನಿಲ್ಲಿಸಿದರೂ ಸಾಲಲ್ಲ,” ಅಂದಳು. ಮಗ ಪುಸ್ತಕ ತನ್ನ ಕಡೆ ಎಳೆದುಕೊಂಡ. ಅವನ ಬೆರಳು ‘ಇತರೆ’ಯ ಮೇಲೆ ನಿಂತಿತು. ಮನೆ ಸಾಲ ಬಿಟ್ಟರೆ ನಮ್ಮ ಮನೆಯ ಅತಿ ದೊಡ್ಡ ಖರ್ಚು ಅದೇ. ಅಕ್ಕಿ ಬೇಳೆಗಿಂತ ದೊಡ್ಡದು. ಅದರ ಹೆಸರು ಕೇಳಿದರೆ ಏನೋ ಅಳಿದುಳಿದದ್ದು ಅನ್ನಿಸಬೇಕು!

ಹಾಗಾಗಿ ‘ಇತರೆ’ಯನ್ನು ಬಿಡಿಸುವ ಕೆಲಸ. ಎರಡು ಸಂಜೆ ಹಿಡಿಯಿತು. ಹೋಟೆಲು, ಬೇಕರಿ, ಮನೆಗೇ ತರಿಸಿದ ಊಟ ಎಲ್ಲ ಸೇರಿ 3,160. ಮದುವೆ, ಗೃಹಪ್ರವೇಶಗಳ ಮುಯ್ಯಿ 2,100. ಮೊಬೈಲು, ಇಂಟರ್‌ನೆಟ್ಟು 1,575. ಮಿಕ್ಸಿ ರಿಪೇರಿ, ಸ್ಕೂಟರಿನ ಪಂಚರು ವಗೈರೆ 940. ಹೂವು, ದೇವಸ್ಥಾನ 620. ‘ಗೊತ್ತಿಲ್ಲ’ ಅನ್ನುವುದು 1,015.

ಮೊಬೈಲಿನ ಬಾಬತ್ತಿನಲ್ಲಿ ಯಾರೂ ನೋಡದ ಎರಡು ಸಿಕ್ಕವು. ಒಂದು ಸಿನಿಮಾ ನೋಡುವುದಕ್ಕೆ ಅಂತ ಎಂದೋ ಸೇರಿದ್ದು ತಿಂಗಳಿಗೆ 299, ಯಾವುದೋ ಆಟದ್ದು 149. ತಾನಾಗಿಯೇ ಬ್ಯಾಂಕಿನಿಂದ ಕತ್ತರಿಸಿಕೊಳ್ಳುತ್ತಿದ್ದವು. ಆ ರಾತ್ರಿಯೇ ನಿಲ್ಲಿಸಿದ. 448 ರೂಪಾಯಿ, ಯಾರಿಗೂ ಏನೂ ಕಮ್ಮಿಯಾಗದೆ ಉಳಿಯಿತು. ನನ್ನ ಮಾತ್ರೆಗಳ ವಿಷಯವನ್ನು ಡಾಕ್ಟರ ಹತ್ತಿರವೇ ಕೇಳಿದೆ. ಅದೇ ಔಷಧಿ ಕಂಪನಿಯ ಹೆಸರಿಲ್ಲದೆ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆ, ತೆಗೆದುಕೊಳ್ಳಬಹುದು ಅಂತ ಬರೆದುಕೊಟ್ಟರು. ತಿಂಗಳಿಗೆ 700 ಇಳಿಯಿತು. ನನ್ನ ವಯಸ್ಸಿನವರು ದಯವಿಟ್ಟು ಕೇಳಿಯೇ ಬದಲಾಯಿಸಿ, ಅಂಗಡಿಯವರ ಮಾತಿನ ಮೇಲೆ ಬೇಡ.

ಮುಯ್ಯಿಗೆ ಕೈ ಹಾಕುವ ಹಾಗಿಲ್ಲ. ಅದು ಖರ್ಚೋ ಸಾಲವೋ ನನಗೆ ಇನ್ನೂ ಬಗೆಹರಿದಿಲ್ಲ. ನಮ್ಮ ಹಳ್ಳಿಯ ಮದುವೆಗಳಲ್ಲಿ ಒಬ್ಬರು ಚಪ್ಪರದ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದರು. ಯಾರು ಎಷ್ಟು ಓದಿಸಿದರು ಅಂತ ಬರೆಯುವುದಕ್ಕೆ. ಮುಂದೆ ಅವರ ಮನೆಯ ಮದುವೆಗೆ ಹೊರಟಾಗ ಆ ಪುಸ್ತಕ ತೆಗೆದು ನೋಡಿ, ಅದಕ್ಕೆ ಒಂದಿಷ್ಟು ಸೇರಿಸಿ ಕೊಡಬೇಕು. ಬಡ್ಡಿಯ ಮಾತಿಲ್ಲ, ಕರಾರು ಪತ್ರವಿಲ್ಲ, ಆದರೂ ಇಪ್ಪತ್ತು ವರ್ಷದ ಮೇಲೆ ಹಣ ಮನೆಗೆ ವಾಪಸು ಬರುತ್ತದೆ. ಆಷಾಢ ಬಂದಾಗ ಮದುವೆಗಳು ನಿಂತು ಆ ಬಾಬತ್ತು ತಾನೇ ಸೊನ್ನೆಯಾಯಿತು. ನಾವು ಮಾಡಿದ್ದು ಇಷ್ಟೆ: ಆ ತಿಂಗಳು ಉಳಿಯಿತು ಅಂತ ಖರ್ಚು ಮಾಡದೆ, 2,000ವನ್ನು ‘ವರ್ಷಕ್ಕೊಮ್ಮೆ’ ಅನ್ನುವ ಹೊಸ ಬಾಬತ್ತಿಗೆ ಹಾಕಿ ಬೇರೆ ತೆಗೆದಿಟ್ಟೆವು. ಸ್ಕೂಟರಿನ ವಿಮೆ, ಗೌರಿ ಗಣೇಶ, ಆಯುಧಪೂಜೆ, ಶಾಲೆಯ ಫೀಸಿನ ಕಂತು ಇವೆಲ್ಲ ಬಂದಾಗ ಪ್ರತಿ ಸಲವೂ ಮಗ ‘ಅಚಾನಕ್ಕಾಗಿ ಬಂತು’ ಅನ್ನುತ್ತಿದ್ದ. ಗಣೇಶ ಯಾವ ವರ್ಷ ಅಚಾನಕ್ಕಾಗಿ ಬಂದಿದ್ದಾನೆ? ಪಂಚಾಂಗ ನೋಡಿಕೊಂಡೇ ಬರುತ್ತಾನೆ.

ನಿಜವಾಗಿ ಕಷ್ಟವಾದದ್ದು ಆ 3,160. ಅದರಲ್ಲಿ ಮನೆಗೆ ತರಿಸಿದ ಊಟದ ಮಾತು ಬೇಗ ಮುಗಿಯಿತು. ತಿಂಗಳಿಗೆ ಒಂದು ಸಲ ಸಾಕು ಅಂತ ಎಲ್ಲರೂ ಒಪ್ಪಿದರು. ಆದರೆ ಪುಟ್ಟಿ ಬೇಕರಿಯ ಸಾಲುಗಳನ್ನೆಲ್ಲ ಹುಡುಕಿ ಬೇರೆ ಬರೆದು, ಮೇಲೆ ‘ಅಪ್ಪ ತಂದದ್ದು’ ಅಂತ ಹೆಸರು ಹಾಕಿದ್ದಳು. ಪಪ್ಸು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್. ಒಂದೊಂದು ಸಲ 30, 40. ಒಟ್ಟು 640. ಶಿಫ್ಟು ಮುಗಿಸಿ ಬರುವಾಗ ಅವನು ಬರಿಗೈಯಲ್ಲಿ ಬಂದವನಲ್ಲ. ಓವರ್‌ಟೈಮ್ ನಿಂತ ಮೇಲಂತೂ ಇನ್ನೂ ತಪ್ಪಿಸುತ್ತಿರಲಿಲ್ಲ. ಮನೆಯಲ್ಲಿ ದುಡ್ಡಿಗೆ ತೊಂದರೆ ಅಂತ ಮಗುವಿಗೆ ಅನ್ನಿಸಬಾರದು ಅಂತ ಇರಬೇಕು.

“ನಿಂಗಿಷ್ಟ ಅಂತ ತರ್ತಿದ್ದೆ ಕಣೇ,” ಅಂದ.

“ಇಷ್ಟಾನೇ ಅಪ್ಪ. ಶನಿವಾರ ತಂದ್ರೆ ಸಾಕು. ನಂಗೆ ಡ್ಯಾನ್ಸು ಇನ್ನೂ ಜಾಸ್ತಿ ಇಷ್ಟ.”

ಅವನು ಎದ್ದು ನೀರು ಕುಡಿಯಲು ಹೋದ. ಬಹಳ ಹೊತ್ತು ನೀರು ಕುಡಿದ.

ಇದರ ನಡುವೆ ಜಪಾನಿನ ಒಂದು ವಿಷಯ ಓದಿದ್ದು ನೆನಪಾಗಿ ಪುಟ್ಟಿಗೆ ಹೇಳಿದೆ. ಅಲ್ಲಿ ಮನೆಯ ಲೆಕ್ಕದ ಪುಸ್ತಕಕ್ಕೆ ಕಕೇಬೊ ಅನ್ನುತ್ತಾರೆ. 1904ರಲ್ಲಿ ಮನೆಯಾಕೆಯರಿಗೆಂದು ಅಂಥದ್ದೊಂದನ್ನು ಹೊರತಂದವರು ಹನಿ ಮೊತೊಕೊ ಎಂಬ ಪತ್ರಕರ್ತೆ. ‘ಹನಿ’ ಅನ್ನುವುದು ಅವರ ಮನೆತನದ ಹೆಸರು. ಹನಿ ಹನಿ ಕೂಡಿ ಹಳ್ಳ ಅನ್ನುವ ನಮ್ಮ ಗಾದೆ ಗೊತ್ತಿರುವವರಿಗೆ ಲೆಕ್ಕದ ಪುಸ್ತಕದವರ ಹೆಸರೇ ಹನಿ ಅಂದರೆ ನಗು ಬರದೆ ಇರುತ್ತದೆಯೇ? ಪುಟ್ಟಿ ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕಳು. ಈಗ ಕಕೇಬೊ ಹೆಸರಿನಲ್ಲಿ ಬರುವ ಪುಸ್ತಕಗಳಲ್ಲಿ ಸಾಮಾನ್ಯವಾಗಿ ನಾಲ್ಕೇ ಬಾಬತ್ತು: ಬೇಕೇಬೇಕಾದದ್ದು, ಆಸೆಗೆ ಕೊಂಡದ್ದು, ನೆನೆಸದೆ ಬಂದದ್ದು ಮತ್ತು ಸಂಸ್ಕೃತಿ. ಪುಸ್ತಕ, ಸಂಗೀತ, ನಾಟಕ ಎಲ್ಲ ಕೊನೆಯದರಲ್ಲಿ ಸೇರುತ್ತವೆ. “ಹಾಗಾದ್ರೆ ಅಲ್ಲಿ ನನ್ನ ಭರತನಾಟ್ಯಕ್ಕೆ ಬೇರೆ ಮನೇನೇ ಇದೆ!” ಅಂದಳು. ನಮ್ಮ ಪುಸ್ತಕದಲ್ಲಿ ‘ನೃತ್ಯದ ಪಾಠ’ ಹೊಡೆದುಹಾಕಿ ‘ಕಲೆ, ಓದು’ ಅಂತ ಬರೆದಳು. ನಾನು ತರಿಸುವ ವಾರಪತ್ರಿಕೆಯೂ ಅಲ್ಲಿಗೇ ಬಂತು, ಅದುವರೆಗೆ ಅದು ‘ಗೊತ್ತಿಲ್ಲ’ದಲ್ಲಿತ್ತು.

ಜುಲೈನಲ್ಲಿ ಬಂದದ್ದು ಅದೇ 43,000. ‘ಸ್ವಂತ’ದ ಸಾವಿರ, ‘ವರ್ಷಕ್ಕೊಮ್ಮೆ’ಯ ಎರಡು ಸಾವಿರ, ನೃತ್ಯದ 1,200 ಎಲ್ಲ ಸೇರಿ ಹೋದದ್ದು 42,480. ಶಿಲ್ಕು 520. ಸ್ನೇಹಿತನ ಕೈಗಡ ತೀರಿಸುವುದಕ್ಕೆ ಅದು ಸಾಲಲಿಲ್ಲ. ಅಕ್ಟೋಬರಿನವರೆಗೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟ. ಸೆಪ್ಟೆಂಬರಿನಲ್ಲಿ ನನಗೆ ಜ್ವರ ಬಂದು ಔಷಧಿಯ ಬಾಬತ್ತು ಎಲ್ಲವನ್ನೂ ಮೀರಿಸಿತು; ಆ ತಿಂಗಳು ಮತ್ತೆ ಕೊರತೆ. ಓವರ್‌ಟೈಮ್ ಇನ್ನೂ ಮೊದಲಿನ ಹಾಗೆ ಶುರುವಾಗಿಲ್ಲ. ಎಷ್ಟು ಬರೆದರೂ 37,000 ಅನ್ನುವುದು 46,000 ಆಗುವುದಿಲ್ಲ. ಅದನ್ನು ಮಕ್ಕಳಿಗೆ ಮುಚ್ಚಿಡಬಾರದು ಅಂತ ನನ್ನ ಅಭಿಪ್ರಾಯ. ಪುಟ್ಟಿಗೆ ಈಗ ಎಲ್ಲವೂ ಗೊತ್ತು, ಗೊತ್ತಿರುವುದರಿಂದ ಅವಳಿಗೆ ಭಯ ಹೆಚ್ಚಾದ ಹಾಗೆ ನನಗೆ ಕಂಡಿಲ್ಲ. ಮೊದಲು ಅಪ್ಪ ಅಮ್ಮ ಒಳಗಿನ ಕೋಣೆಯಲ್ಲಿ ಮೆಲ್ಲಗೆ ಮಾತಾಡಿದರೆ ಬಾಗಿಲ ಹತ್ತಿರ ಸುಳಿದಾಡುತ್ತಿದ್ದಳು. ಈಗ ಪುಸ್ತಕ ತೆಗೆದುಕೊಂಡು ಒಳಗೇ ಹೋಗುತ್ತಾಳೆ.

ನವೆಂಬರಿನಲ್ಲಿ ನೃತ್ಯದ ಟೀಚರು ಗೆಜ್ಜೆ ಬದಲಾಯಿಸಬೇಕು ಅಂತ ಹೇಳಿಕಳಿಸಿದರು. ಹಳೆಯದು ಚಿಕ್ಕದಾಗಿತ್ತು, ಹೊಸದಕ್ಕೆ 1,600. ಪುಟ್ಟಿ ಮನೆಗೆ ಬಂದು ಅದನ್ನು ಹೇಳಲಿಲ್ಲ. ಪುಸ್ತಕ ತೆರೆದು ಆ ತಿಂಗಳ ಉಳಿಕೆ ಎಷ್ಟಿದೆ ಅಂತ ನೋಡಿ ಮುಚ್ಚಿಟ್ಟಳು. ನನಗೆ ತಿಳಿದದ್ದು ಅವಳ ಜೊತೆಯ ಹುಡುಗಿಯಿಂದ. ನಾನು ಸೊಸೆಗೆ ಹೇಳಿದೆ, ಅವಳು ಏನೂ ಅನ್ನಲಿಲ್ಲ, ಹೊಲಿಗೆ ಮಿಷನ್ನಿನ ಮುಂದೆ ಕೂತಳು.

ಭಾನುವಾರ ಅಮ್ಮ ಮಗಳು ಸಂತೆಪೇಟೆಗೆ ಹೋಗಿ ಬಂದರು. ಪುಟ್ಟಿ ಚೀಲ ಕೆಳಗಿಡುವಾಗಲೇ ಘಲ್ ಅಂತ ಸದ್ದಾಯಿತು. ರಾತ್ರಿ ಎಂಟೂವರೆಗೆ ಎಂದಿನಂತೆ ಪುಸ್ತಕ ಬಿಚ್ಚಿ ಖರ್ಚಿನ ಕಡೆ ‘ಗೆಜ್ಜೆ – 1,600 – ಕಲೆ, ಓದು’ ಅಂತ ಬರೆದು, ಮುಂದೇನು ಮಾಡಬೇಕೆಂದು ತಿಳಿಯದೆ ಅಮ್ಮನ ಮುಖ ನೋಡಿದಳು.

“ಜಮಾದ ಕಡೆನೂ ಬರಿ,” ಅಂದಳು ಸೊಸೆ, ಬಟ್ಟೆ ಮಡಿಸುತ್ತಾ. “ಅಮ್ಮನ ಹೊಲಿಗೆ ದುಡ್ಡು, 1,600.”